ಗಂಗುಲಪ್ಪನ ಕಾರಿನ ಬೆಳ್ಳಿ ಬೋಲ್ಟುಗಳು

ನಾಮಕರಣದ ಊಟದಲ್ಲಿ ಗಂಗುಲಪ್ಪನ ಬಾಯೊಳಗೆ ಇನ್ನೊಂದು ತುಂಡು ಹೋಳಿಗೆ ಇದ್ದಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ. ಗ್ರಹಚಾರಕ್ಕೆ ಹೋಳಿಗೆ ಆಗಷ್ಟೇ ಗಂಟಲಿಳಿದು ಬಾಯಿ ಖಾಲಿಯಾಗಿತ್ತು. ಖಾಲಿ ಬಾಯಿ ಗಂಗುಲಪ್ಪನಿಗೆ ಎಂದೂ ಒಳ್ಳೆಯದು ಮಾಡಿದ್ದಿಲ್ಲ. ಅದು ಶ್ರೀನಿವಾಸಪುರದವರಾದ ನಮಗೆಲ್ಲ ಗೊತ್ತಿದ್ದ ವಿಷಯ. ಅವನ ಮಾವನ ಊರಾದ ವಕ್ಕಲೇರಿಯವರಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಎದುರು ಎಲೆಗೆ ಕೂತಿದ್ದವನು ಅವನ ಷಡ್ಡಕ ಶ್ರೀನಿವಾಸಪ್ಪ, ಅಂದರೆ ಹೆಂಡತಿ ಶಾಮಲಮ್ಮನ ಅಕ್ಕನ ಗಂಡ. ಕೋಲಾರ ಪೇಟೆಯ ಮನುಷ್ಯ. ಮಾತಿಗೆ ಮುಂಚೆ ಒಂದು ಸಲ ಕೆಮ್ಮಿ, ಎಲ್ಲರೂ ತಿರುಗಿದ ಮೇಲೆ ಮಾತಾಡುವ ಗತ್ತು.

"ನಮ್ಮವಳ ಬಾಣಂತನ ಮುಗಿದಾಗ ಗೆಜ್ಜೆ ಕಟ್ಟಿದ ಕುದುರೆ ಜಟಕಾ ತಂದಿದ್ದೆ ಕಣೋ. ಇಡೀ ವಕ್ಕಲೇರಿ ಬಾಗಿಲಿಗೆ ಬಂದು ನೋಡ್ತು. ನೀನೇನ್ಲಾ, ಎತ್ತಿನ ಬಂಡೀನಾ?"

"ಬಂಡೀನಾ?" ಎಂದ ಗಂಗುಲಪ್ಪ, ಅನ್ನದ ಕೈಯನ್ನು ಮೇಲೆತ್ತಿ. "ನನ್ನ ಹೆಂಡ್ತಿ ಮಗನ್ನ ಬಂಡೀಲಿ ಕೂರಿಸ್ತೀನಾ? ಕಾರಲ್ಲಿ ಕರ್ಕೊಂಡು ಹೋಗ್ತೀನಿ! ಸ್ವಂತ ಕಾರಲ್ಲಿ!"

ಪಂಕ್ತಿಯಲ್ಲಿ ಸಾರು ಸುರಿಯುವ ಸದ್ದು ಕೂಡ ನಿಂತಿತು. ಒಳಕೋಣೆಯಲ್ಲಿ ಕೂಸಿನೊಂದಿಗೆ ಮಲಗಿದ್ದ ಶಾಮಲಮ್ಮನ ಕಿವಿಗೂ ಮಾತು ಬಿತ್ತು. ಸಾಯಂಕಾಲದ ಹೊತ್ತಿಗೆ ನೋಡಲು ಬಂದ ಹೆಂಗಸರಿಗೆಲ್ಲ ಅವಳು ಹೇಳಿ ಮುಗಿಸಿದ್ದಳು. ಗಂಗುಲಪ್ಪ ಹೊರಡುವ ಮುಂಚೆ ಬಾಗಿಲ ಸಂದಿಯಿಂದ ಅವನಿಗೂ ಹೇಳಿದಳು.

"ಊರಿಗೆಲ್ಲಾ ಹೇಳ್ಬಿಟ್ಟಿದೀನಿ. ಕಾರು ತಂದ್ರೆ ಬರ್ತೀನಿ. ಬಂಡಿ ತಂದ್ರೆ ಕೂಸೂ ಇಲ್ಲ, ನಾನೂ ಇಲ್ಲ."

ಐದನೆಯ ತಿಂಗಳಲ್ಲಿ, ಜ್ಯೇಷ್ಠ ಮುಗಿಯುವುದರೊಳಗೆ ಅವರನ್ನು ಕರೆತರಬೇಕೆಂದು ಹಿರಿಯರು ಗೊತ್ತುಮಾಡಿದ್ದರು. ತಪ್ಪಿದರೆ ಆಷಾಢ. ಆಷಾಢದಲ್ಲಿ ಅತ್ತೆ ಇರುವ ಮನೆಯ ಹೊಸಿಲನ್ನು ಸೊಸೆ ತುಳಿಯುವಂತಿಲ್ಲ. ಬಾಣಂತಿ ಮನೆಗೆ ಅಳಿಯ ಪದೇ ಪದೇ ಹೋಗುವುದೂ ನಮ್ಮ ಕಡೆ ಚೆನ್ನಾಗಿ ಕಾಣುವುದಿಲ್ಲ. ಗಂಗುಲಪ್ಪ ಮಗನನ್ನು ನೋಡಿದ್ದು ಆ ನಾಮಕರಣದ ದಿನ ಮಾತ್ರ. ಮನೆಗೆ ಬಂದವನು ಮಾವಿನ ತೋಪಿನಲ್ಲಿ ಕೂತು, ಮಗನ ಮೂಗು ತನ್ನ ಹಾಗಿತ್ತೋ ಮಾವನ ಹಾಗಿತ್ತೋ ಎಂದು ಜ್ಞಾಪಿಸಿಕೊಳ್ಳಲು ಹೆಣಗುತ್ತಿದ್ದ. ಜ್ಞಾಪಕಕ್ಕೆ ಬಾರದಿದ್ದಾಗ ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕಾರೇನೋ ಸಿಕ್ಕಿತು. ಚಿನ್ನದ ಗಣಿಯ ಬಿಳಿ ದೊರೆಯೊಬ್ಬ ಯುದ್ಧ ಶುರುವಾಯಿತೆಂದು ಸೀಮೆಗೆ, ಅಂದರೆ ಇಂಗ್ಲೆಂಡಿಗೆ, ಹೊರಟಿದ್ದ. ಅವನ ಹಳೆಯ ಕಾರಿಗೆ ಬದಲಾಗಿ ಗಂಗುಲಪ್ಪ ತನ್ನ ತೋಪಿನ ಆ ವರ್ಷದ ಮಾವಿನ ಫಸಲು ಮಾರಿದ ಹಣವನ್ನೆಲ್ಲ ಕೊಟ್ಟ. ದೊರೆಯ ಡ್ರೈವರು ಒಣಗಿದ ಕೆರೆಯಂಗಳದಲ್ಲಿ ಅವನಿಗೆ ಓಡಿಸುವುದನ್ನೂ ಕಲಿಸಿದ. ಆದರೆ ಕಾರು ಎಷ್ಟು ತುಕ್ಕು ಹಿಡಿದಿತ್ತೆಂದರೆ ಅದನ್ನು ಮಾಡಿದ ಕಂಪನಿಯ ಹೆಸರೇ ಅಳಿಸಿಹೋಗಿತ್ತು. ಬಾಗಿಲು ಮುಚ್ಚಿದರೆ ಕೆಂಪು ಪುಡಿ ಉದುರುತ್ತಿತ್ತು. ಒಳಗೆ ಕೂತು ಎದ್ದವರ ಹಿಂಭಾಗವನ್ನು ನೋಡಿಯೇ, ಇವರು ಗಂಗುಲಪ್ಪನ ಕಾರಿನಲ್ಲಿ ಬಂದವರು ಎಂದು ಹೇಳಬಹುದಾಗಿತ್ತು.

ಅವನ ತಾಯಿ ಮುನಿಗಂಗಮ್ಮ ಕಾರನ್ನು ಒಂದು ಸುತ್ತು ಹಾಕಿ ಮೂಗಿನ ಮೇಲೆ ಬೆರಳಿಟ್ಟರು. "ಇದೇನ್ ನಾಯನಾ ಇದು? ಬಾಣಂತಿ ಕೂತ್ರೆ ಸೀರೆ ಗತಿಯೇನು? ಕೂಸು ಕೈಯಿಟ್ಟು ಬಾಯಿಗಿಟ್ಕೊಂಡ್ರೆ?"

ಕೂಸು ಎಂದ ಕೂಡಲೇ ಗಂಗುಲಪ್ಪನಿಗೆ ಆವೇಶ ಬಂತು. ತುಕ್ಕಿಗೆ ಏನು ಮದ್ದು ಎಂದು ಎಲ್ಲರನ್ನೂ ಕೇಳಿದ. ಮಾಲೂರು ರೈಲ್ವೆ ಸ್ಟೇಷನ್ನಿನ ಹಿಂದೆ ಕದಿರೇಶ ಅಂತ ಒಬ್ಬನಿದ್ದಾನೆ, ಮೊದಲು ಗಣಿಯಲ್ಲಿ ಫಿಟ್ಟರಾಗಿದ್ದವನು, ಹಳೆಯ ಕಬ್ಬಿಣಕ್ಕೆ ಸತುವಿನ ಲೇಪ ಹತ್ತಿಸುತ್ತಾನೆ, ಆಮೇಲೆ ತುಕ್ಕು ಅದರ ಹತ್ತಿರ ಸುಳಿಯುವುದಿಲ್ಲ ಎಂದು ಯಾರೋ ಹೇಳಿದರು.

ಬೇರೆಯವರಾಗಿದ್ದರೆ ತೀರಾ ಕೆಟ್ಟ ಬೋಲ್ಟುಗಳನ್ನಷ್ಟೇ ಬಿಚ್ಚುತ್ತಿದ್ದರು. ಗಂಗುಲಪ್ಪ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿದ. ಬೋಲ್ಟು, ನಟ್ಟು, ಬಾಗಿಲ ಕೀಲು, ಹಿಡಿ, ಸೀಟಿನ ಸ್ಪ್ರಿಂಗು, ಹಾರನ್ನಿನ ಕೊಕ್ಕೆ. ಕಾರು ಮುಗಿದ ಮೇಲೂ ಆವೇಶ ಇಳಿಯದೆ, ಮನೆಯ ತಲೆಬಾಗಿಲಿನ ಚಿಲಕ, ಬಚ್ಚಲ ಬಾಗಿಲಿನ ಕೀಲು, ಬಾವಿಯ ರಾಟೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿದ. ಮುನಿಗಂಗಮ್ಮನವರು ಸ್ನಾನಕ್ಕೆ ಹೋದಾಗ ಬಚ್ಚಲ ಬಾಗಿಲು ಅವರ ಜೊತೆಗೇ ಒಳಗೆ ಬಂದು ಮಲಗಿಕೊಂಡಿತು. ಆಗ ಅವರು ಆಡಿದ ಮಾತುಗಳು ತೆಲುಗಿನಲ್ಲಿದ್ದವು. ಕನ್ನಡದಲ್ಲಿ ಬರೆಯುವಂಥವಲ್ಲ.

ಕದಿರೇಶನ ಶೆಡ್ಡಿನಲ್ಲಿ ಒಂದು ಆಯಿಲ್ ಇಂಜಿನ್ನು, ಒಂದು ಡೈನಮೊ, ಸಾಲಾಗಿ ತೊಟ್ಟಿಗಳು.

"ಮೊದಲು ಆಸಿಡ್ಡಲ್ಲಿ ಅದ್ದಿ ತುಕ್ಕು ತೆಗೀತೀನಿ. ಆಮೇಲೆ ತಂತಿಗೆ ಕಟ್ಟಿ ಈ ತೊಟ್ಟೀಲಿ ಇಳಿಬಿಡ್ತೀನಿ. ಕರೆಂಟು ಬಿಟ್ರೆ ಸತು ಬಂದು ಕಬ್ಬಿಣದ ಮೇಲೆ ಕೂತ್ಕೊಳ್ತದೆ," ಎಂದ ಕದಿರೇಶ.

"ಎಲ್ಲಿಂದ ಬರ್ತದೆ?"

"ಆ ಕಡೆ ಸತುವಿನ ಹಲಗೆ ನೇತಾಕಿದೀನಲ್ಲ, ಅಲ್ಲಿಂದ."

"ನೀರಲ್ಲಿ ಈಜ್ಕೊಂಡು?"

ಕದಿರೇಶ ಅವನ ಮುಖವನ್ನೇ ನೋಡಿದ. "ಹೂಂ ಅಂದ್ಕೊಳ್ಳಿ," ಎಂದ. ಕೆಲಸ ಮುಗಿದು ಚೀಲ ಕಟ್ಟಿಕೊಡುವಾಗ ಬುದ್ಧಿಯನ್ನೂ ಹೇಳಿದ. "ಬೆವರಿನ ಕೈಯಲ್ಲಿ ಮುಟ್ಬೇಡಿ. ಮುಖ್ಯವಾಗಿ ಹುಳಿ ತಾಕಿಸ್ಬೇಡಿ. ಹುಳಿ ಬಿದ್ರೆ ಸತು ಕರಗಿ ಹೋಗ್ತದೆ."

ಗಂಗುಲಪ್ಪ ಈ ಮಾತನ್ನು ಶ್ರದ್ಧೆಯಿಂದ ಪಾಲಿಸಿದ. ದಾರಿಯಲ್ಲಿ ತಿನ್ನಲೆಂದು ತಾಯಿ ಕಟ್ಟಿಕೊಟ್ಟಿದ್ದ ಹುಣಸೆಹಣ್ಣಿನ ಅನ್ನವನ್ನು ಮಾಲೂರು ಸ್ಟೇಷನ್ನಿನ ಹಸುವಿಗೆ ಹಾಕಿ, ಹಸಿದುಕೊಂಡೇ ಊರಿಗೆ ಹೊರಟ. ಆದರೆ ಇದನ್ನು ಮನೆಯಲ್ಲಿ ತಾಯಿಗೂ ಹೇಳಬೇಕು ಎನ್ನುವುದು ಅವನ ತಲೆಗೆ ಹೊಳೆಯಲಿಲ್ಲ.

ಕೋಲಾರದಿಂದ ಶ್ರೀನಿವಾಸಪುರಕ್ಕೆ ಬರುವ ಬಸ್ಸು ಒಂದು ಹಳ್ಳಕ್ಕೆ ಬಿದ್ದು ಎದ್ದಾಗ ಚೀಲದ ಹೊಲಿಗೆ ಬಿಚ್ಚಿಕೊಂಡಿತು. ಬೋಲ್ಟುಗಳು ಝಣಝಣ ಎಂದು ಬಸ್ಸಿನ ತುಂಬ ಉರುಳಿದವು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಬೆಳ್ಳಗೆ, ಫಳಫಳ ಹೊಳೆಯುವ ರಾಶಿ! ಪಕ್ಕದಲ್ಲಿದ್ದ ಹುತ್ತೂರಿನ ರೇಷ್ಮೆಗೂಡಿನ ವ್ಯಾಪಾರಿ ಒಂದನ್ನು ಎತ್ತಿಕೊಳ್ಳಲು ಬಗ್ಗಿದ.

"ಮುಟ್ಬೇಡಿ! ಯಾರೂ ಮುಟ್ಬೇಡಿ!" ಎಂದು ಗಂಗುಲಪ್ಪ ಕಿರುಚಿದ. ಪಂಚೆಯ ತುದಿಯಿಂದ ಒಂದೊಂದನ್ನೇ ಹಿಡಿದು ಎತ್ತಿ, ಚೀಲವನ್ನು ಎದೆಗವಚಿಕೊಂಡು ಕೂತ.

"ಏನಪ್ಪಾ ಅದು?"

"ಏನಿಲ್ಲ. ಬರೀ ಕಬ್ಬಿಣ."

ಅಲ್ಲ ಸ್ವಾಮಿ, ಕಬ್ಬಿಣವನ್ನು ಯಾರಾದರೂ ಪಂಚೆಯಲ್ಲಿ ಹಿಡಿದು ಎತ್ತುತ್ತಾರೆಯೇ? ಹಸುಗೂಸಿನ ಹಾಗೆ ಎದೆಗವಚಿಕೊಳ್ಳುತ್ತಾರೆಯೇ? ಬಸ್ಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾದರು. ಇಳಿದ ಮೇಲೆ ಯಾರೂ ಸುಮ್ಮನಿರಲಿಲ್ಲ.

ಫ್ರಾನ್ಸ್ ದೇಶ ಬಿತ್ತೆಂದು ಸುದ್ದಿ ಬಂದಿದ್ದ ದಿನಗಳವು. ಅದು ಎಲ್ಲಿದೆಯೆಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಇನ್ನು ಕಾಗದದ ನೋಟನ್ನು ನಂಬುವಂತಿಲ್ಲ, ಬೆಳ್ಳಿ ರೂಪಾಯಿ ಇದ್ದವನೇ ಬದುಕುತ್ತಾನೆ ಎಂಬ ಮಾತು ಮಾತ್ರ ಎಲ್ಲರಿಗೂ ಗೊತ್ತಿತ್ತು. ಜನ ಬೆಳ್ಳಿ ರೂಪಾಯಿಗಳನ್ನು ರಾಗಿ ತುಂಬುವ ಮಣ್ಣಿನ ವಾಡೆಯಲ್ಲಿ, ಒಲೆಯ ಕೆಳಗೆ, ಹಿತ್ತಲಿನಲ್ಲಿ ಹುಗಿಯುತ್ತಿದ್ದರು. ಹಾಗೆ ಬಚ್ಚಿಡಕೂಡದೆಂದು ಸರ್ಕಾರದ ಹುಕುಂ ಬೇರೆ ಬಂದಿತ್ತು.

ಅಂಗಡಿ ಮುನಿಯಲ್ಲಪ್ಪ ಎರಡು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಒಗಟು ಬಿಡಿಸಿದ.

"ಬೆಳ್ಳಿ ರೂಪಾಯಿನೆಲ್ಲಾ ಕರಗಿಸಿ ಬೋಲ್ಟು ಹುಯ್ಸವ್ನೆ! ಮನೇಲಿದ್ರೆ ತಾನೇ ಪೊಲೀಸರು ಹುಡುಕೋದು? ಕಾರ್ಗೆ ತಿರುಪಿ ಬಿಟ್ರೆ ಯಾರಿಗ್ ಗೊತ್ತಾಗ್ತದೆ? ಜರ್ಮನಿಯವನು ಬಂದ್ರೆ ಕಾರು ಹತ್ತಿ ಹೊರಟೇಬಿಡೋದು!"

ಗಂಗುಲಪ್ಪನಿಗೆ ಇಷ್ಟು ಬುದ್ಧಿ ಇದೆಯೆಂದು ಊರಿಗೆ ಅವತ್ತೇ ತಿಳಿದದ್ದು. ಅದುವರೆಗೆ ಅವನನ್ನು ಕಂಡರೆ ನಗುತ್ತಿದ್ದವರು ಅವತ್ತಿನಿಂದ ನಮಸ್ಕಾರ ಮಾಡತೊಡಗಿದರು.

ಪಕ್ಕದ ಮನೆ ದೊಡ್ಡಗಂಗಮ್ಮ ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ಬಟ್ಟಲು ಹಿಡಿದು ಬಂದಳು. ಮೊಸರು ತೆಗೆದುಕೊಂಡು ಹೋಗಲಿಲ್ಲ.

"ಮುನಿಗಂಗಕ್ಕಾ, ನಿನ್ನ ಮಗ ಬೆಳ್ಳಿ ತಂದವ್ನಂತಲ್ಲ, ಚೀಲ್ದಾಗೆ?"

"ಬೆಳ್ಳಿನಾ? ಕಬ್ಬಿಣ ಅಂದ್ನಲ್ಲೇ."

"ಅಯ್ಯೋ ದೇವುಡಾ! ಹೆತ್ತ ತಾಯಿಗೂ ಸುಳ್ಳು ಹೇಳವ್ನಲ್ಲಾ!"

ಮುನಿಗಂಗಮ್ಮ ಚೀಲ ಬಿಚ್ಚಿ ನೋಡಿದರು. ಕಣ್ಣು ಕೋರೈಸಿತು. ಮಗ ಊಟ ಮಾಡಿ ಮಲಗಿದ್ದ. ಅವನನ್ನು ಎಬ್ಬಿಸಿ ಕೇಳುವುದಕ್ಕಿಂತ ಮುಖ್ಯವಾದ ಕೆಲಸವೊಂದು ಅವರಿಗೆ ಕಂಡಿತು. ಯಾರು ಯಾರೋ ಮುಟ್ಟಿದ ಲೋಹವನ್ನು ಹುಣಸೆಹಣ್ಣು ಹಾಕಿ ತಿಕ್ಕದೆ ಒಳಗೆ ತೆಗೆದುಕೊಳ್ಳುವ ಮನೆತನವೇ ಅದು? ಬಚ್ಚಲ ಹಂಡೆಯಲ್ಲಿ ನೀರು ಕಾದಿತ್ತು. ಆ ವರ್ಷದ ಹೊಸ ಹುಣಸೆಹಣ್ಣನ್ನು ಧಾರಾಳವಾಗಿ ಕಿವುಚಿ, ಚೀಲವನ್ನು ಅದರೊಳಗೆ ಸುರಿದರು. ಬೋಲ್ಟುಗಳು ಬುಸುಬುಸು ನೊರೆ ಎಬ್ಬಿಸಿದವು. "ಕೊಳೆ ಬಿಡ್ತಾ ಐತೆ," ಎಂದು ತೃಪ್ತಿಪಟ್ಟು ಇನ್ನಷ್ಟು ಹುಣಸೆಹಣ್ಣು ಹಾಕಿ ತೆಂಗಿನ ನಾರಿನಿಂದ ತಿಕ್ಕಿದರು.

ಗಂಗುಲಪ್ಪ ಎದ್ದು ಬಂದಾಗ ಬಚ್ಚಲ ಕಲ್ಲಿನ ಮೇಲೆ ಕರ್ರಗಿನ ಕಬ್ಬಿಣದ ರಾಶಿ ಒಣಗುತ್ತಿತ್ತು. ತಾಯಿ ಅದರ ಮುಂದೆ ಬಾಯಿ ತೆರೆದು ಕೂತಿದ್ದರು. ದೊಡ್ಡಗಂಗಮ್ಮ ಚರಂಡಿಗೆ ಬಗ್ಗಿ ಏನೋ ಹುಡುಕುತ್ತಿದ್ದಳು.

"ಅಮ್ಮಾ, ಏನಮ್ಮಾ ಮಾಡ್ದೆ!" ಎಂದು ಗಂಗುಲಪ್ಪ ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದ. "ಹುಳಿ ತಾಕಿಸ್ಬೇಡ ಅಂದಿದ್ದ ಕಣಮ್ಮಾ ಅವನು!"

"ಯಾರಿಗಂದಿದ್ದ?"

"ನನಗೆ."

"ನಾನೇನ್ ನಿನ್ನ ಹೊಟ್ಟೇಲಿದೀನಾ, ಕೇಳಿಸ್ಕೊಳ್ಳಕ್ಕೆ?" ಎಂದು ತಾಯಿ ರೇಗಿದರು.

ಸತುವೆಲ್ಲ ಕರಗಿ ಬೀದಿಯ ಚರಂಡಿ ಸೇರಿತ್ತು. ಇದರಿಂದ ಸಂಶಯ ತೀರಿತೆಂದು ನೀವು ತಿಳಿದರೆ, ನಮ್ಮ ಊರನ್ನು ನೀವು ಅರಿತಿಲ್ಲ. ಬೆಳಗ್ಗೆ ಬೆಳ್ಳಗಿದ್ದದ್ದು ಸಂಜೆ ಕಪ್ಪಗಾಗುವುದೆಂದರೇನು? ಬೆಳ್ಳಿಗೆ ಮಸಿ ಬಳಿದಿದ್ದಾನೆ ಎಂದು ಮುನಿಯಲ್ಲಪ್ಪ ತೀರ್ಮಾನ ಕೊಟ್ಟ. ಗಂಗುಲಪ್ಪನ ಮೇಲಿನ ಮರ್ಯಾದೆ ಇನ್ನೂ ಒಂದು ಕೈ ಮೇಲೇರಿತು.

ಮರುದಿನವೇ ಕಂದಾಯದ ಶೇಕದಾರ್ ಸುಬ್ರಹ್ಮಣ್ಯಯ್ಯನವರು ಒಬ್ಬ ದಫೇದಾರನೊಡನೆ ಬಂದು ಜಗಲಿಯ ಮೇಲೆ ಕೂತರು. ಕೋಟು, ರುಮಾಲು, ಜರಿಯ ಅಂಚಿನ ಅಂಗವಸ್ತ್ರ. ಬೀದಿಯವರೆಲ್ಲ ಬಂದು ಸುತ್ತ ನಿಂತರು.

"ಬೆಳ್ಳಿ ಎಲ್ಲಯ್ಯಾ?"

"ಬೆಳ್ಳಿ ಇಲ್ಲ ಸ್ವಾಮಿ. ಸತು ಇತ್ತು."

"ಆ ಸತು ಎಲ್ಲಿ?"

"ಹುಣಸೆಹಣ್ಣಿನ ನೀರಲ್ಲಿ ಹೋಯ್ತು."

"ನೀರು ಎಲ್ಲಿ?"

"ಚರಂಡಿಗೆ ಹೋಯ್ತು ಸ್ವಾಮಿ."

"ಚರಂಡಿ ಎಲ್ಲಿ?"

ದಫೇದಾರ ತೋರಿಸಿದ. ಅಲ್ಲಿ ದೊಡ್ಡಗಂಗಮ್ಮ ಮೊಣಕಾಲವರೆಗೆ ಇಳಿದು ಜರಡಿ ಹಿಡಿದಿದ್ದಳು. ಶೇಕದಾರರು ದೀರ್ಘವಾಗಿ ಉಸಿರೆಳೆದುಕೊಂಡರು.

"ಇದು ತೀರ್ಮಾನ ಆಗೋವರೆಗೆ ಕಾರನ್ನ ಕಚೇರಿಗೆ ಜಪ್ತಿ ಮಾಡ್ಬೇಕಾಗ್ತದೆ."

ಗಂಗುಲಪ್ಪ ಶೇಕದಾರರ ಎರಡೂ ಕಾಲು ಹಿಡಿದುಕೊಂಡ. "ಬೇಡ ಸ್ವಾಮಿ! ಜೈಲಿಗೆ ಬೇಕಾದ್ರೆ ಹೋಗ್ತೀನಿ, ಕಾರು ಮಾತ್ರ ಬಿಟ್ಬಿಡಿ! ಮಗನ್ನ ಕರ್ಕೊಂಡ್ ಬರ್ಬೇಕು. ಆಷಾಢ ಬಂದ್ಬಿಡ್ತದೆ ಸ್ವಾಮಿ!"

ಶೇಕದಾರರು ಮನಸ್ಸಿನಲ್ಲಿ ಮೆದು ಮನುಷ್ಯರು. ಅವರಿಗೂ ಮೊಮ್ಮಕ್ಕಳಿದ್ದರು. "ಏಳಯ್ಯಾ, ಏಳು. ಈಗಲೇ ನೋಡೇಬಿಡೋಣ," ಎಂದು ರಾಶಿಯಿಂದ ಒಂದು ದಪ್ಪ ಬೋಲ್ಟನ್ನು ಆರಿಸಿ, ಕೋಟಿನ ತುದಿಯಿಂದ ಒರೆಸಿ, ರೂಪಾಯಿಯ ಸಾಚಾತನ ನೋಡುವ ಹಾಗೆ ದವಡೆಯಲ್ಲಿಟ್ಟು ಕಚ್ಚಿದರು. ಕಟಕ್ ಎಂದಿತು. ಶೇಕದಾರರ ಕಣ್ಣಲ್ಲಿ ನೀರು ತುಂಬಿತು.

"ಕಬ್ಬಿಣವೇ," ಎಂದರು ಅವರು, ಬಾಯಿ ಮುಚ್ಚಿಕೊಂಡು. ಮುಂದೆ ಮಾತು ಹೊರಡಲಿಲ್ಲ. ಅಷ್ಟರಲ್ಲೇ ಊದತೊಡಗಿದ್ದ ಕೆನ್ನೆಯ ಮೇಲೆ ಅಂಗವಸ್ತ್ರ ಒತ್ತಿಕೊಂಡು, ಬಂದ ದಾರಿ ಹಿಡಿದು ಬಿರಬಿರನೆ ಹೋದರು.

ಜನ ಅವರು ಹೋದ ದಾರಿಯತ್ತ ಕತ್ತು ಚಾಚಿದರು. ಆಮೇಲೆ ದೊಡ್ಡಗಂಗಮ್ಮ ಚರಂಡಿಯಿಂದಲೇ ಕೂಗಿ ಕೇಳಿದಳು.

"ನೋಡಿದ್ರಾ ಕೆನ್ನೆ? ಏನೋ ಬಾಯಲ್ಲಿಟ್ಕೊಂಡು ಹೋದ್ರು!"

ಅಲ್ಲಿಗೆ ಮುಗಿಯಿತು. ಗಂಗುಲಪ್ಪ ಬೋಲ್ಟಿನ ರೂಪದಲ್ಲಿ ಲಂಚ ಕೊಟ್ಟ, ಶೇಕದಾರರು ದವಡೆಯಲ್ಲಿ ಇಟ್ಟುಕೊಂಡು ಹೋದರು ಎಂಬುದು ಒಂದು ಕಡೆ ಆವನಿ ಊರಿನವರೆಗೂ, ಇನ್ನೊಂದು ಕಡೆ ಕೋಲಾರ ದಾಟಿ ವಕ್ಕಲೇರಿಯವರೆಗೂ ಹಬ್ಬಿತು. ಸರ್ಕಾರವೇ ಬಾಯಲ್ಲಿಟ್ಟುಕೊಂಡ ಮೇಲೆ ಅದು ಬೆಳ್ಳಿಯಲ್ಲದೆ ಇನ್ನೇನು?

ಗಂಗುಲಪ್ಪ ಅಳುಮುಖ ಮಾಡಿಕೊಂಡು ಆ ಕಪ್ಪು ಬೋಲ್ಟುಗಳನ್ನೇ ಮತ್ತೆ ತಿರುಪಿ ಕಾರನ್ನು ಜೋಡಿಸಿದ. ಒಳಗೆ ಹಳೆಯ ಜಮಖಾನ ಹಾಸಿದ. ಆಷಾಢಕ್ಕೆ ಮುಂಚೆ ಇದ್ದ ಕೊನೆಯ ಒಳ್ಳೆಯ ದಿನ, ತಾಯಿಯ ಕೈಯಿಂದ ಕಾರಿನ ಮುಂದೆ ತೆಂಗಿನಕಾಯಿ ಒಡೆಸಿ, ಹ್ಯಾಂಡಲ್ ಹಾಕಿ ತಿರುವಿ ಹೊರಟ. ಕೋಲಾರ ಮುಟ್ಟುವವರೆಗೆ ಕಾರು ಸೊಗಸಾಗಿಯೇ ಓಡಿತು.

ಕೋಲಾರದಲ್ಲಿ ಷಡ್ಡಕ ಶ್ರೀನಿವಾಸಪ್ಪ ರಸ್ತೆಗೇ ಬಂದು ಕಾದಿದ್ದ. ಕೆಮ್ಮಲೂ ಇಲ್ಲ. "ಬಾರೋ ಗಂಗುಲು, ಕಾಫಿ ಕುಡಿಯದೆ ಹೋಗ್ತೀಯಾ? ನಾವೇನು ಹೊರಗಿನವರಾ?" ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಒಳಗೆ ಕೂರಿಸಿದವನು, ಕಾರು ಧೂಳಾಗಿದೆ, ಒರೆಸಿ ಬರುತ್ತೇನೆಂದು ತಾನೊಬ್ಬನೇ ಹೊರಗೆ ಹೋದ. ಆ ಬೀದಿಯಲ್ಲಿ ಕಾರು ಒರೆಸುವ ಉತ್ಸಾಹ ಇನ್ನೂ ಹಲವರಿಗೆ ಬಂದಂತಿತ್ತು. ಕ್ಲಾಕ್ ಟವರು ದಾಟಿದ ಕೂಡಲೇ ಎಡಗಡೆಯ ಮಡ್‌ಗಾರ್ಡು ಕಳಚಿ ಬಿತ್ತು. ಊರಾಚೆ ಒಂದು ಬಾಗಿಲು ಗಂಗುಲಪ್ಪನಿಗೆ ಹೇಳದೆ ಕೇಳದೆ ಜೋಳದ ಹೊಲಕ್ಕೆ ಇಳಿದುಹೋಯಿತು. ರೇಡಿಯೇಟರಿಗೆ ನೀರು ಹುಯ್ಯಲು ಬಾವಿಯ ಹತ್ತಿರ ನಿಲ್ಲಿಸಿದರೆ, ನೀರು ಸೇದಿ ಕೊಡಲು ಬಂದ ಪುಣ್ಯಾತ್ಮರು ಹಾರನ್ನನ್ನು ಹಿಡಿದಿಟ್ಟಿದ್ದ ಬೋಲ್ಟನ್ನೂ ಕೊಂಡೊಯ್ದರು. ಗಂಗುಲಪ್ಪ ಬಿದ್ದದ್ದನ್ನೆಲ್ಲ ಹೆಕ್ಕಿ ಹಿಂದಿನ ಸೀಟಿಗೆ ತುಂಬಿಕೊಳ್ಳುತ್ತ ಮುಂದೆ ನಡೆದ. ತುಕ್ಕಿಗೆ ಬೋಲ್ಟು ಸವೆದಿರಬೇಕು ಎಂದುಕೊಂಡನೇ ಹೊರತು ಜನರ ಮೇಲೆ ಅವನಿಗೆ ಎಳ್ಳಷ್ಟೂ ಸಂಶಯ ಬರಲಿಲ್ಲ.

ವಕ್ಕಲೇರಿಗೆ ಬಂದಾಗ ಕಾರು ಸೊರಗಿತ್ತು. ಆದರೂ ಅದು ಕಾರೇ. ಇಂಜಿನ್ನು ಗುಡುಗುತ್ತಿತ್ತು, ಹೊಗೆ ಬರುತ್ತಿತ್ತು. ಇಡೀ ಊರು ಬಾಗಿಲಿಗೆ ಬಂದಿತ್ತು.

ಮಾವ ಅಶ್ವತ್ಥಪ್ಪನವರು ಎರಡೂ ಕೈ ಚಾಚಿ ಎದುರು ಬಂದು, ಅಳಿಯನನ್ನು ದಾಟಿ ಹೋಗಿ ಕಾರಿನ ಬಾನೆಟ್ಟನ್ನು ಸವರಿದರು.

"ಬನ್ನಿ ಅಳಿಯಂದ್ರೇ! ಕೈಕಾಲು ತೊಳ್ಕೊಳ್ಳಿ, ಊಟ ಮಾಡಿ. ಕಾರಿನ ಹತ್ರ ನಾನಿರ್ತೀನಿ. ನೀವು ನಿಧಾನವಾಗಿ ಊಟ ಮಾಡಿ. ಆದಷ್ಟೂ ನಿಧಾನವಾಗಿ."

ಅತ್ತೆ ಮುನಿಶಾಮಮ್ಮ ಬಡಿಸಿದರು. ಆಗಾಗ ಅವರೂ ಏನೋ ಕೆಲಸವೆಂದು ಹೊರಗೆ ಹೋಗಿ ಬಂದರು. ಗಂಗುಲಪ್ಪನಿಗೆ ಅದಾವುದರ ಮೇಲೂ ಲಕ್ಷ್ಯವಿರಲಿಲ್ಲ. ಶಾಮಲಮ್ಮ ಕೂಸನ್ನು ತಂದು ತೋರಿಸಿದ್ದಳು. ಮೂಗು ತನ್ನದೇ ಎಂದು ಖಾತ್ರಿಯಾಗಿತ್ತು. ಕೂಸು ಅವನ ಮೀಸೆ ಹಿಡಿದು ಎಳೆದು ನಕ್ಕಿತು. ಗಂಗುಲಪ್ಪನಿಗೆ ಅನ್ನ ಯಾವುದು ಸಾರು ಯಾವುದು ತಿಳಿಯಲಿಲ್ಲ.

"ಅದೇನು ಬೆಳ್ಳಿ ಬೋಲ್ಟು ಅಂತಾರಲ್ಲ ಎಲ್ಲಾರೂ?" ಎಂದು ಶಾಮಲಮ್ಮ ಮೆಲ್ಲಗೆ ಕೇಳಿದಳು.

"ಕಬ್ಬಿಣ ಕಣೇ. ನಿನ್ನಾಣೆಗೂ ಕಬ್ಬಿಣ. ಯಾರೂ ನಂಬ್ತಾ ಇಲ್ಲ."

ಶಾಮಲಮ್ಮ ಕೂಸಿನತ್ತ ಒಮ್ಮೆ ನೋಡಿದಳು. ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.

ಹೊರಡುವ ಒಳ್ಳೆಯ ಗಳಿಗೆ ಬಂತು. ಆರತಿ ಆಯಿತು. ಶಾಮಲಮ್ಮ ಕೂಸಿನೊಂದಿಗೆ ಹಿಂದಿನ ಸೀಟಿನಲ್ಲಿ ಬಾಗಿಲು, ಮಡ್‌ಗಾರ್ಡುಗಳ ನಡುವೆ ಜಾಗ ಮಾಡಿಕೊಂಡು ಕೂತಳು. ಗಂಗುಲಪ್ಪ ಹ್ಯಾಂಡಲ್ ತಿರುವಿದ. ಇಂಜಿನ್ನು ಗುಡುಗಿತು. ಆ ಗುಡುಗಿಗೆ ಉಳಿದಿದ್ದ ಮಡ್‌ಗಾರ್ಡು ಬಿತ್ತು. ಮುಂದಿನ ದೀಪ ಬಿತ್ತು. ಬಾನೆಟ್ಟು ಜಾರಿ ಆರತಿಯ ತಟ್ಟೆಯ ಮೇಲೆ ಬಿತ್ತು. ಗಂಗುಲಪ್ಪ ಗಾಬರಿಯಿಂದ ಹತ್ತಿ ಕೂತು ಗೇರ್ ಹಾಕಲು ಎಳೆದ. ಗೇರಿನ ಕಡ್ಡಿ ಬುಡಸಮೇತ ಅವನ ಕೈಗೆ ಬಂತು.

ಆಗ ಅವನಿಗೆ ಅರ್ಥವಾಯಿತು. ಕೈಯಲ್ಲಿ ಕಡ್ಡಿ ಹಿಡಿದು ಸೀಟಿನ ಮೇಲೆಯೇ ಎದ್ದು ನಿಂತ. ಅಷ್ಟು ದಿನ ಯಾರಿಗೂ ಗದರದಿದ್ದ ಮನುಷ್ಯ ಅವತ್ತು ಗಂಟಲು ಹರಿಯುವ ಹಾಗೆ ಕೂಗಿದ.

"ತಕ್ಕೊಳ್ರಪ್ಪಾ, ಎಲ್ಲಾ ತಕ್ಕೊಳ್ಳಿ! ಕಬ್ಬಿಣ, ಕಬ್ಬಿಣ, ಕಬ್ಬಿಣ! ಬೇಕಾದ್ರೆ ಕಚ್ಚಿ ನೋಡಿ, ಹಲ್ಲು ಹೋದ್ರೆ ನನ್ನ ಕೇಳ್ಬೇಡಿ! ನನ್ನ ಮಗನ್ನ ಮನೆಗೆ ಕರ್ಕೊಂಡು ಹೋಗಕ್ಕೆ ಬಿಡಿ, ಸಾಕು!"

ಅವನ ಕಣ್ಣಿಂದ ನೀರು ಇಳಿಯಿತು. ಮೊದಲು ಅಶ್ವತ್ಥಪ್ಪನವರು ಕೆಮ್ಮಿ, ರುಮಾಲು ಬಿಚ್ಚಿ ಒಂದೊಂದಾಗಿ ಬೋಲ್ಟು ತೆಗೆದು ಜಗಲಿಯ ಮೇಲಿಟ್ಟರು. "ಜೋಪಾನವಾಗಿರ್ಲಿ ಅಂತ ತೆಗೆದಿಟ್ಟಿದ್ದೆ," ಎಂದರು. ಪಟೇಲರು ಜೇಬಿನಿಂದ ತೆಗೆದರು. ಪೂಜಾರಿಗಳು ಮಡಿಪಂಚೆಯ ಗಂಟು ಬಿಚ್ಚಿದರು. ಹೆಂಗಸರ ಮಡಿಲಿನಿಂದ, ಎಲೆ ಅಡಿಕೆ ಚೀಲಗಳಿಂದ ಬೋಲ್ಟು, ನಟ್ಟು ಬಂದು ಜಗಲಿಯ ಮೇಲೆ ರಾಶಿಯಾದವು. ಎಲ್ಲರೂ ಜೋಪಾನ ಮಾಡಿದವರೇ.

ಮನೆಯ ಗಂಡಸರೆಲ್ಲ ಸೇರಿ ಸಿಕ್ಕಿದ್ದನ್ನು ಸಿಕ್ಕಿದಲ್ಲಿಗೆ ತಿರುಪಿದರು. ಕಾರು ಮತ್ತೆ ಕಾರಾಯಿತು. ಗೇರಿನ ಕಡ್ಡಿಯ ಬೋಲ್ಟು ಮಾತ್ರ ಸಿಗಲಿಲ್ಲ. ಅಶ್ವತ್ಥಪ್ಪನವರು ಒಬ್ಬೊಬ್ಬರಿಗೂ ಮಗುವಿನ ಮೇಲೆ ಆಣೆ ಹಾಕಿಸಿದರು. ಎಲ್ಲರೂ ಹಾಕಿದರು.

ಆಗ ಹಿಂದಿನ ಸೀಟಿನಿಂದ ಶಾಮಲಮ್ಮ ಸಣ್ಣಗೆ ಅಂದಳು. "ಅದು ನನ್ನ ಹತ್ರ ಐತೆ."

ಗಂಗುಲಪ್ಪ ತಿರುಗಿ ನೋಡಿದ. ಊರೆಲ್ಲ ಕದ್ದಾಗ ಆಗದ ಸಂಕಟ ಆಗ ಅವನ ಮುಖದಲ್ಲಿ ಕಂಡಿತು.

"ನಿಂಗೂ ಬೆಳ್ಳಿ ಅನ್ನಿಸ್ತೇನೇ?"

"ಬೆಳ್ಳಿನಾ?" ಎಂದಳು ಅವಳು, ಕಣ್ಣರಳಿಸಿ. "ಬೆಳ್ಳಿ ಆಗಿದ್ರೆ ನಂಗ್ಯಾಕ್ ಬೇಕಿತ್ತು? ಎಳೇ ಕೂಸನ್ನ ಊರ ಗಡಿ ದಾಟಿಸ್ಬೇಕಾದ್ರೆ ಮೈ ಮೇಲೆ ಕಬ್ಬಿಣ ಇರ್ಬೇಕಲ್ಲ, ಗಾಳಿ ಸೋಕದ ಹಾಗೆ. ಮನೇಲಿ ಮಚ್ಚು ಕುಡುಗೋಲು ಬಿಟ್ರೆ ಸಣ್ಣದು ಏನೂ ಇರ್ಲಿಲ್ಲ. ನೀವು ಕಬ್ಬಿಣ ಅಂದ್ರಲ್ಲ. ಅದಕ್ಕೇ ಬಿಚ್ಕೊಂಡು ಕೂಸಿನ ಬಟ್ಟೆಗೆ ಕಟ್ದೆ."

ಗಂಗುಲಪ್ಪ ಅವಳನ್ನೇ ನೋಡುತ್ತ ನಿಂತ. ತಾಯಿ ನಂಬಿರಲಿಲ್ಲ, ಊರು ನಂಬಿರಲಿಲ್ಲ, ಹಲ್ಲು ಮುರಿದುಕೊಂಡವರು ಹೇಳಿದರೂ ಯಾರೂ ನಂಬಿರಲಿಲ್ಲ. ಇವಳೊಬ್ಬಳು, ಒಂದೇ ಸಲ ಹೇಳಿದ್ದಕ್ಕೆ, ಕೂಸಿನ ಮೈಗೇ ಕಟ್ಟಿದ್ದಳು. ಅವನು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ಹಲ್ಲು ಬಿಟ್ಟು ನಕ್ಕ.

ಬೋಲ್ಟು ಬಿಚ್ಚಿ ಕೊಡೆಂದು ಅಶ್ವತ್ಥಪ್ಪನವರು ಕೈ ಚಾಚಿದರು. ಮುನಿಶಾಮಮ್ಮ ಅವರ ಕೈಯನ್ನು ತಟ್ಟಿ ತಳ್ಳಿದರು.

"ಒಂದ್ಸಲ ಕೂಸಿಗೆ ಕಟ್ಟಿದ್ ಕಬ್ಬಿಣ ಆ ಮನೆ ಹೊಸಿಲು ದಾಟೋಗಂಟ ಬಿಚ್ಚಂಗಿಲ್ಲ! ಅಷ್ಟೂ ಗೊತ್ತಿಲ್ವಾ?"

ಬೇರೆ ಬೋಲ್ಟು ಯಾವುದೂ ಆ ತೂತಿಗೆ ಕೂರಲಿಲ್ಲ. ಗಳಿಗೆ ಮೀರುತ್ತಿತ್ತು. ಗಂಗುಲಪ್ಪ ತಲೆ ತಗ್ಗಿಸಿ ಹೆಂಡತಿಯ ಹತ್ತಿರ ಬಂದ.

"ಶಾಮಲಾ, ಬಂಡಿ ಕಟ್ಟಿಸ್ಲಾ? ಬರ್ತೀಯಾ?"

"ಬಂಡೀಲಿ ನಾನು ಬರಲ್ಲ," ಎಂದಳು ಶಾಮಲಮ್ಮ. "ಕಾರಲ್ಲೇ ಬರ್ತೀನಿ. ಅಪ್ಪಾ, ನಮ್ಮ ಎತ್ತುಗಳನ್ನ ತಂದು ಕಾರಿಗೇ ಕಟ್ಟು."

ಹಾಗೆ ಗಂಗುಲಪ್ಪನ ಕಾರು ವಕ್ಕಲೇರಿ ಬಿಟ್ಟಿತು. ಎತ್ತುಗಳ ಕೊಂಬಿಗೆ ಹೂವು ಸುತ್ತಿತ್ತು. ಮಾವನ ಮನೆಯ ಆಳು ಮುನಿಶಾಮಿ ಮುಂದೆ ಹಗ್ಗ ಹಿಡಿದು ನಡೆದ. ಸ್ಟೀರಿಂಗ್ ಹಿಡಿದು ಕೂತ ಗಂಗುಲಪ್ಪ ಎತ್ತು ತಿರುಗಿದ ಕಡೆಗೆಲ್ಲ ಬಹಳ ಗಂಭೀರವಾಗಿ ತಾನೂ ತಿರುಗಿಸುತ್ತಿದ್ದ. ಕೋಲಾರದಲ್ಲಿ ಶ್ರೀನಿವಾಸಪ್ಪ ಕೆಮ್ಮಿ ಏನೋ ಹೇಳಹೊರಟ. ಶಾಮಲಮ್ಮನ ಅಕ್ಕ ಅವನ ಜೇಬಿಗೆ ಕೈಹಾಕಿ, ಮಡ್‌ಗಾರ್ಡಿನ ಬೋಲ್ಟುಗಳನ್ನು ತೆಗೆದು ತಂಗಿಯ ಮಡಿಲಿಗೆ ಹಾಕಿದಳು. ಆಷಾಢಕ್ಕೆ ಇನ್ನೂ ದಿನ ಉಳಿದಿದ್ದರಿಂದ ಅವತ್ತು ಅಲ್ಲೇ ಇದ್ದು ಮರುದಿನ ಹೊರಟರು.

ಶ್ರೀನಿವಾಸಪುರದ ಬೀದಿಗೆ ಕಾರು ಬಂದಾಗ ಮಗ ಗಂಗುಲಪ್ಪನ ತೊಡೆಯ ಮೇಲೆ ನಿದ್ದೆಹೋಗಿದ್ದ. ಮುನಿಗಂಗಮ್ಮ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮುನಿಯಲ್ಲಪ್ಪ ಅಂಗಡಿಯಿಂದ ಇಳಿದು ಬಂದ. ದೊಡ್ಡಗಂಗಮ್ಮ ಕಾರನ್ನು ನೋಡಿದಳು, ಎತ್ತುಗಳನ್ನು ನೋಡಿದಳು, ಎದೆ ಬಡಿದುಕೊಂಡು ಕೂಗಿದಳು.

"ಅಬ್ಬಬ್ಬಾ, ನೋಡ್ರೇ! ಮಾವನ ಮನೆಯಿಂದ ಇನ್ನೆಷ್ಟು ಬೆಳ್ಳಿ ತುಂಬ್ಕೊಂಡ್ ಬಂದವ್ನೋ, ಇಂಜಿನ್ ಕೈಲಿ ಎಳೆಯಕ್ಕಾಗ್ದೆ ಎತ್ತು ಕಟ್ಟವ್ನೆ!"

ಗಂಗುಲಪ್ಪ ಬಾಯಿ ತೆರೆದ. ಕಬ್ಬಿಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತೊಡೆಯ ಮೇಲೆ ಕೂಸು ಮಿಸುಕಿತು. ಅವನು ಅದರ ಬೆನ್ನ ಮೇಲೆ ಕೈಯಿಟ್ಟು ದನಿ ತಗ್ಗಿಸಿದ.

"ಹೌದಕ್ಕಾ, ಬಲು ಭಾರ ಐತೆ. ಮೆಲ್ಲಗೆ ಮಾತಾಡು, ಎದ್ಬಿಡ್ತಾನೆ."